ಪಟ್ಟದ ಸಾಲಿನಲ್ಲಿಲ್ಲದವಳು

ಕೋಪನ್‌ಹೇಗನ್ನಿನ ಹೊರವಲಯದ ಕ್ಲಾಂಪೆನ್‌ಬೋರ್ಗಿನ ಕಡಲ ದಂಡೆಯಲ್ಲಿದ್ದ ಆ ಬಿಳಿ ಮನೆಯನ್ನು ಅಕ್ಕಪಕ್ಕದವರು ಈಗಲೂ ಅರಮನೆ ಎಂದೇ ಕರೆಯುತ್ತಿದ್ದರು. ಒಳಗಿದ್ದವರ ಪಾಡು ಬೇರೆ. ಯುದ್ಧದ ಕಾಲದಲ್ಲಿ ಕಲ್ಲಿದ್ದಲು ಉಳಿಸಲೆಂದು ಮೇಲಿನ ಕೋಣೆಗಳಿಗೆ ಹಾಕಿದ ಬೀಗ ಹಾಗೆಯೇ ಇತ್ತು. ಒಂದು ಕಾಲಕ್ಕೆ ಆಳುಗಳಿಂದ ಗಿಜಿಗುಟ್ಟುತ್ತಿದ್ದ ಮನೆಯಲ್ಲಿ ಈಗ ಅಡುಗೆಯ ಆಗ್ನೆಟೆ ಒಬ್ಬಳೇ. ಮಿಕ್ಕ ಕೆಲಸವೆಲ್ಲ ಸಿಗ್ರಿಡ್‌ಳ ಪಾಲಿಗೆ. ಅಜ್ಜಿಯ ಕಾಲು ತಿಕ್ಕುವುದು, ಅಪ್ಪನ ಅಂಗಿಯ ಸವೆದ ಕಾಲರನ್ನು ತಿರುಗಿಸಿ ಹೊಲಿಯುವುದು, ಸೋರುವ ನಲ್ಲಿಗೆ ವಾಷರ್ ಹಾಕುವುದು, ಹಳೇ ಕಾರಿನ ಹೊಟ್ಟೆಯೊಳಗೆ ಕೈ ಹಾಕಿ ಅದನ್ನು ಹೇಗೋ ಕೆಮ್ಮಿಸಿ ಹೊರಡಿಸುವುದು ಎಲ್ಲವೂ ಅವಳದೇ.

ಊಟದ ಮೇಜಿನ ಕಟ್ಟಳೆ ಮಾತ್ರ ಕದಲಿರಲಿಲ್ಲ. ಮೇಜಿನ ತಲೆಗೆ ಅಜ್ಜಿ ಹೆಡ್ವಿಗ್. ಬಲಕ್ಕೆ ಅವರ ಮಗ, ಸಿಗ್ರಿಡ್‌ಳ ಅಪ್ಪ ಎಮಿಲ್; ದೊರೆಯ ದಾಯಾದಿ, ಪಟ್ಟದ ಸಾಲಿನಲ್ಲಿ ಒಂಬತ್ತನೆಯವರು. ಎಡಕ್ಕೆ ಮೊಮ್ಮಗ ಸ್ವೆಂಡ್, ಹತ್ತನೆಯವನು. ಸ್ವೆಂಡ್‌ನಿಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಸಿಗ್ರಿಡ್ ಕೊನೆಗೆ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂರಬೇಕು. ಹೆಣ್ಣಿಗೆ ಪಟ್ಟವಿಲ್ಲ, ಹಾಗಾಗಿ ಅವಳಿಗೆ ಯಾವ ಸ್ಥಾನವೂ ಇರಲಿಲ್ಲ. ಆ ಜಾಗದಿಂದ ಎದ್ದು ಹೋಗಿ ಸಾರು ತರಲು ಸಲೀಸು ಎನ್ನುವುದೊಂದೇ ಅದರ ಸುಖ.

ಆ ವಸಂತದ ಜಗಳ ಶುರುವಾದದ್ದು ಹುರಿದ ಮೀನಿನ ತಟ್ಟೆಯ ಮುಂದೆ.

“ಮೇ ತಿಂಗಳ ಕೊನೇಲಿ ಮತ ಹಾಕಿಸ್ತಾರಂತೆ,” ಎಂದರು ಎಮಿಲ್, ಮುಳ್ಳು ಬಿಡಿಸುತ್ತ. “ಹೊಸ ಸಂವಿಧಾನಕ್ಕೆ. ಅದರ ಜೊತೇಲೇ ಪಟ್ಟದ ಕಾನೂನೂ ಬದಲಾಗುತ್ತೆ. ದೊರೆಗೆ ಮೂವರೂ ಹೆಣ್ಣುಮಕ್ಕಳು ನೋಡು. ಇನ್ಮೇಲೆ ಹೆಣ್ಣಿಗೂ ಪಟ್ಟ.”

“ಒಳ್ಳೇದಾಯ್ತಲ್ಲ,” ಎಂದಳು ಸಿಗ್ರಿಡ್.

“ಏನು ಒಳ್ಳೇದು? ಪೂರ್ತಿ ಕೇಳು ಮೊದಲು!” ಅಜ್ಜಿ ಚಮಚ ಕೆಳಗಿಟ್ಟರು. “ಪಟ್ಟ ಇನ್ನು ತೀರಿಹೋದ ಹಿಂದಿನ ದೊರೆಯ ಮಕ್ಕಳು ಮೊಮ್ಮಕ್ಕಳಿಗೆ ಮಾತ್ರವಂತೆ. ಅಣ್ಣತಮ್ಮಂದಿರ ಸಂತಾನ, ದಾಯಾದಿಗಳು, ಎಲ್ಲರೂ ಹೊರಗೆ. ನಿನ್ನಪ್ಪ ಹೊರಗೆ. ಸ್ವೆಂಡ್ ಹೊರಗೆ.”

ಸ್ವೆಂಡ್ ನೌಕಾಪಡೆಯ ಕಚೇರಿಯಿಂದ ಬಂದ ಸಮವಸ್ತ್ರದಲ್ಲೇ ಕೂತಿದ್ದ. ಆಲೂಗಡ್ಡೆಗೆ ಬೆಣ್ಣೆ ಹಚ್ಚುತ್ತ, “ಜನ ಒಪ್ಪಬೇಕಲ್ಲ ಅಜ್ಜಿ,” ಎಂದ. “ದೇಶದ ಅಷ್ಟೂ ಮತದಾರರಲ್ಲಿ ನೂರಕ್ಕೆ ನಲವತ್ತೈದು ಮಂದಿ ಬಂದು ಹೌದು ಅನ್ನಬೇಕು. ಮನೇಲಿ ಕೂತವರೂ ಬೇಡ ಅಂದ ಹಾಗೇ ಲೆಕ್ಕ. ಹಿಂದೊಂದು ಸಲ ಹೀಗೇ ಬಿದ್ದುಹೋಗಿತ್ತು.”

“ಬಿದ್ದುಹೋಗ್ಲಿ. ಇಷ್ಟು ವರ್ಷ ಏನಕ್ಕೆ ಕಾದದ್ದು ನಾವು?”

ಸಿಗ್ರಿಡ್ ಸಾಸಿನ ಬಟ್ಟಲು ತುಂಬಿಸಲು ಎದ್ದಳು. ಕಾದದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಎಂಟು ವರ್ಷದಿಂದ ಕಾಯುತ್ತಿದ್ದವಳು ಬೋಡಿಲ್. ಕೋಪನ್‌ಹೇಗನ್ನಿನ ಆಸ್ಪತ್ರೆಯೊಂದರ ನರ್ಸ್. ಸ್ವೆಂಡ್ ಕಾಲು ಮುರಿದುಕೊಂಡು ಮಲಗಿದ್ದಾಗ ಆರೈಕೆ ಮಾಡಿದವಳು. ಸಾಧಾರಣ ಮನೆತನದ ಹುಡುಗಿಯನ್ನು ಮದುವೆಯಾದರೆ ರಾಜಕುಮಾರನ ಪಟ್ಟದ ಹಕ್ಕು ಹೋಗುತ್ತದೆ, ಬರೀ ಕೌಂಟ್ ಎಂಬ ಬಿರುದಿನವನಾಗಿ ಉಳಿಯುತ್ತಾನೆ. ನಾನು ಬದುಕಿರುವ ತನಕ ಅದಾಗದು ಎಂದಿದ್ದರು ಅಜ್ಜಿ. ಬೋಡಿಲ್‌ಗೆ ಈ ಮನೆಯಲ್ಲಿ ಭಾನುವಾರದ ಕಾಫಿಗೆ ಮಾತ್ರ ಕರೆ. ಊಟದ ಮೇಜಿಗೆ ಇಲ್ಲ.

ಅದಕ್ಕೂ ಹಿಂದೆ ಕಾದವನು ಇನ್ನೊಬ್ಬನಿದ್ದ. ಹೋಲ್ಗರ್ ಬ್ರಾಂಡ್ಟ್, ಕುದುರೆಗಳ ವೈದ್ಯ. ಸಿಗ್ರಿಡ್‌ಳ ತಾಯಿ ತೀರಿಕೊಂಡ ವರ್ಷವೇ ಅವನು ಬಂದು ಅವಳನ್ನು ಮದುವೆಗೆ ಕೇಳಿದ್ದ. ‘ಮನೆತನದ ಮರ್ಯಾದೆ’ ಎಂದಿದ್ದರು ಅಜ್ಜಿ. ‘ಮನೆ ನೋಡಿಕೊಳ್ಳೋರು ಯಾರಮ್ಮ’ ಎಂದಿದ್ದರು ಅಪ್ಪ. ಸಿಗ್ರಿಡ್ ಇಲ್ಲ ಎಂದಿದ್ದಳು. ಅವನು ಎರಡು ವರ್ಷ ಕಾದು ಬೇರೆ ಮದುವೆಯಾದ.

* * *

ಭಾನುವಾರ ಬೋಡಿಲ್ ಬಂದವಳು ಬೈಠಕ್ಕಿನ ಕೋಣೆಗೆ ಹೋಗುವ ಮೊದಲು, ಎಂದಿನಂತೆ, ಅಡುಗೆಮನೆಗೆ ಬಂದಳು. ಕೋಟು ಕಳಚಿ, ತೋಳು ಮಡಿಚಿ, ಸಿಗ್ರಿಡ್ ಹೆಚ್ಚುತ್ತಿದ್ದ ರೂಬಾರ್ಬಿನ ಹುಳಿದಂಟುಗಳಲ್ಲಿ ಅರ್ಧವನ್ನು ತನ್ನ ಕಡೆ ಎಳೆದುಕೊಂಡಳು.

“ಹೊಸ ಕಾನೂನು ಗೆದ್ರೆ ನಮಗೆ ದಾರಿ ಸಲೀಸಾಗುತ್ತೆ ಅಲ್ವಾ ಸಿಗ್ರಿಡ್?”

“ಸಲೀಸೇ. ಕಳ್ಕೊಳ್ಳೋಕೆ ಏನೂ ಇಲ್ಲದವನಿಗೆ ಯಾವ ಅಡ್ಡಿ?”

“ಅವನು ಏನೂ ಹೇಳೋದೇ ಇಲ್ಲ. ಕೇಳಿದ್ರೆ ‘ನೋಡೋಣ’ ಅಂತಾನೆ.”

“ಹುಟ್ಟಿದಾಗಿಂದ ಅವರು ನೋಡೋಣ ಅನ್ನೋರೇ,” ಎಂದಳು ಆಗ್ನೆಟೆ ಒಲೆಯ ಕಡೆಯಿಂದ. ನೀಳ ಮೂಗಿನ, ಎತ್ತರದ ಹೆಂಗಸು. ಈ ಮನೆಯಲ್ಲೇ ಅರ್ಧ ಆಯುಷ್ಯ ಕಳೆದವಳು. “ಚಿಕ್ಕವರಿದ್ದಾಗ ಗಂಜಿ ಬೇಕೋ ಬ್ರೆಡ್ ಬೇಕೋ ಅಂದ್ರೂ ನೋಡೋಣ. ಅಷ್ಟರಲ್ಲಿ ಎರಡೂ ತಣ್ಣಗಾಗೋದು.”

ಮೂವರೂ ನಕ್ಕರು. ಬೋಡಿಲ್ ಮೊದಲು ನಗು ನಿಲ್ಲಿಸಿದಳು.

“ನನಗೆ ಮೂವತ್ತಾರು,” ಎಂದಳು. ಮತ್ತೆ ಹೆಚ್ಚತೊಡಗಿದಳು.

* * *

ಮತದಾನದ ದಿನ ಗುರುವಾರ. ಬೆಳಗಿನಿಂದ ತುಂತುರು. ಹಿಂದಿನ ಬಾಗಿಲಲ್ಲಿ ಆಗ್ನೆಟೆ ಒಳ್ಳೆಯ ಟೋಪಿ ಇಟ್ಟುಕೊಂಡು ಸೈಕಲ್ಲಿನ ಸೀಟು ಒರೆಸುತ್ತಿದ್ದಳು.

“ಅರ್ಧ ಗಂಟೇಲಿ ಬಂದುಬಿಡ್ತೀನಿ ಅಮ್ಮಾವ್ರೇ. ಮಾಂಸದ ಉಂಡೆ ಕಟ್ಟಿಟ್ಟಿದ್ದೀನಿ, ಕರಿಯೋದೊಂದೇ.”

“ಏನಂತ ಹಾಕ್ತೀಯ?”

“ಹೌದು ಅಂತ. ತಪ್ಪು ತಿಳ್ಕೋಬೇಡಿ. ಸಣ್ಣ ದೊರೆ ಸ್ವೆಂಡ್ ಅವರ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಮಗಳಿದ್ದ ಮನೇಲಿ ಮಗಳಿಗೆ ಸಿಗಬೇಕಾದ್ದು ಚಿಕ್ಕಪ್ಪನಿಗೆ ಹೋಗೋದು ಯಾವ ನ್ಯಾಯ? ನಮ್ಮ ಮನೇಲೂ ಹೊಲ ಹೋಗಿದ್ದು ಹಾಗೇ.”

ಸಿಗ್ರಿಡ್ ಸ್ವಲ್ಪ ಹೊತ್ತು ಬಾಗಿಲಿಗೆ ಒರಗಿ ನಿಂತಳು. ರಾಜಮನೆತನದವರ ಹೆಸರೂ ಊರಿನ ಮತದಾರರ ಪಟ್ಟಿಯಲ್ಲಿ ಇರುತ್ತದೆ. ಆದರೆ ಯಾರೂ ಹೋಗುವುದಿಲ್ಲ. ಹೋಗಬಾರದೆಂದು ಕಾನೂನಿಲ್ಲ, ಹೋಗದಿರುವುದು ಮರ್ಯಾದೆ.

“ತಾಳು,” ಎಂದಳು. ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ತನ್ನ ಸೈಕಲ್ ತೆಗೆದಳು.

“ಅಯ್ಯೋ, ದೊಡ್ಡಮ್ಮಾವ್ರಿಗೆ ಗೊತ್ತಾದ್ರೆ?”

“ಗೊತ್ತಾಗುತ್ತೆ. ನಾನೇ ಹೇಳ್ತೀನಿ.”

ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಮತಪೆಟ್ಟಿಗೆ ಇಟ್ಟಿದ್ದರು. ಒದ್ದೆ ಕೋಟುಗಳ ವಾಸನೆ. ಮೇಜಿನ ಹಿಂದೆ ಕೂತಿದ್ದ ಹೂವಿನಂಗಡಿಯವನು ಸಿಗ್ರಿಡ್‌ಳನ್ನು ಕಂಡು ಎದ್ದು ನಿಂತ. ಏನು ಮಾಡಬೇಕೆಂದು ತೋಚದೆ ಮತ್ತೆ ಕೂತ. “ಸಾಲಿನಲ್ಲಿ ಬರ್ತೀರಾ… ಇಲ್ಲಾ ಮೊದಲು…?” ಎಂದ.

“ಸಾಲಿನಲ್ಲೇ ಬರ್ತೀನಿ,” ಎಂದಳು ಸಿಗ್ರಿಡ್.

ಹಿಂದಿದ್ದ ಮುದುಕಿಯೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಸಿಗ್ರಿಡ್ ಪರದೆಯ ಒಳಗೆ ಹೋಗಿ ದಾರಕ್ಕೆ ಕಟ್ಟಿದ ಪೆನ್ಸಿಲ್ ಹಿಡಿದಳು. ಈ ಗುರುತಿನಿಂದ ತನಗೇನೂ ಸಿಗುವುದಿಲ್ಲ, ತನ್ನ ಅಪ್ಪನ, ತಮ್ಮನ ಹಕ್ಕು ಹೋಗುತ್ತದೆ ಎಂದು ಗೊತ್ತಿದ್ದೂ ಗುರುತು ಹಾಕಿದಳು. ಹಾಕಿದ ಮೇಲೆ ಹೊಟ್ಟೆ ಹಸಿಯಿತು.

* * *

ಮರುದಿನ ಬೆಳಿಗ್ಗೆ ಪತ್ರಿಕೆ ಬಂತು. ಕೂದಲೆಳೆಯ ಅಂತರದಲ್ಲಿ ಕಾನೂನು ಗೆದ್ದಿತ್ತು. ಬೇಕಾದ್ದಕ್ಕಿಂತ ನೂರಕ್ಕೆ ಒಂದು ಮತವೂ ಹೆಚ್ಚಿಗೆ ಬಿದ್ದಿರಲಿಲ್ಲ. ಎಮಿಲ್ ಅದನ್ನು ಎರಡು ಸಲ ಓದಿ, ಮಡಿಚಿ, ಮೊಟ್ಟೆಯ ಬಟ್ಟಲಿನ ಕೆಳಗೆ ಇಟ್ಟರು.

“ಆಯ್ತು ಬಿಡಿ,” ಎಂದರು. “ಒಂಬತ್ತನೆಯವನಾಗಿ ನಾನೇನು ಕಡಿದು ಗುಡ್ಡೆ ಹಾಕಿದ್ದು? ಮೀನು ಹಿಡಿಯೋಕೆ ಯಾರ ಅಪ್ಪಣೆಯೂ ಬೇಡ.”

“ನಾಚಿಕೆ ಆಗಲ್ವಾ ನಿನಗೆ?” ಅಜ್ಜಿಯ ದನಿ ಏರಿತು. “ಅಡುಗೆಯವಳಿಂದ ಹಿಡಿದು ಹೂ ಮಾರೋನ ತನಕ ಹೋಗಿ ನಮ್ಮ ಹಕ್ಕನ್ನ ಪೆಟ್ಟಿಗೇಲಿ ಹಾಕಿ ಬಂದ್ರು. ಇವಳೂ ಹಾಕಿರ್ತಾಳೆ, ಆಗ್ನೆಟೆ. ನಮ್ಮ ಉಪ್ಪು ತಿಂದವಳು!”

“ಆಗ್ನೆಟೆ ಹಾಕಿದ್ಲು,” ಎಂದಳು ಸಿಗ್ರಿಡ್, ಕಾಫಿ ಬಗ್ಗಿಸುತ್ತ. “ನಾನೂ ಹಾಕಿದೆ.”

ಅಜ್ಜಿ ಕೇಳಿಸಲಿಲ್ಲವೇನೋ ಎನ್ನುವಂತೆ ನೋಡಿದರು.

“ಏನಂದೆ?”

“ಹೌದು ಅಂತ ಹಾಕಿದೆ ಅಜ್ಜಿ.”

“ನಿನ್ನ ತಮ್ಮನ ಕೈಯಿಂದ ಕಿತ್ಕೊಂಡೆ ಅಂತ ಗೊತ್ತೇನೇ ನಿನಗೆ? ಅಂಥದ್ದೇನು ಸಿಕ್ಕಿತು ಅದರಿಂದ ನಿನಗೆ?”

“ಏನೂ ಇಲ್ಲ. ನನಗೆ ನಿನ್ನೆಯೂ ಏನೂ ಇರಲಿಲ್ಲ, ಇವತ್ತೂ ಇಲ್ಲ. ನೀವೆಲ್ಲ ಈಗ ನನ್ನ ಸಾಲಿಗೆ ಬಂದ್ರಿ, ಅಷ್ಟೇ.”

“ಸಿಗ್ರಿಡ್!” ಎಂದರು ಎಮಿಲ್.

“ಕೂಗಬೇಡಿ ಅಪ್ಪ. ಸ್ವೆಂಡ್‌ಗೆ ಇದರಿಂದ ಒಳ್ಳೇದೇ ಆಯ್ತು. ಕೇಳಿ ಅವನನ್ನೇ. ಇನ್ನು ಬೋಡಿಲ್‌ನ ಮದುವೆ ಆಗೋಕೆ ಏನಡ್ಡಿ?”

ಎಲ್ಲರೂ ಸ್ವೆಂಡ್‌ನನ್ನು ನೋಡಿದರು. ಅವನು ರೈ ಬ್ರೆಡ್ಡಿನ ಮೇಲೆ ಚೀಸ್ ಹರಡುತ್ತಿದ್ದ. ಅಂಚಿನ ತನಕ, ಒಂದು ಚುಕ್ಕೆಯೂ ಉಳಿಯದಂತೆ.

“ಕಚೇರಿಗೆ ಹೊತ್ತಾಯ್ತು,” ಎಂದು ಎದ್ದ.

* * *

ಅಜ್ಜಿ ಎರಡು ದಿನ ಕೋಣೆ ಬಿಟ್ಟು ಬರಲಿಲ್ಲ. ಸಿಗ್ರಿಡ್ ಊಟ ಒಯ್ದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಆದರೂ ಅವಳು ಕುರ್ಚಿ ಎಳೆದುಕೊಂಡು, ತನ್ನ ತಟ್ಟೆಯನ್ನೂ ಅಲ್ಲೇ ಇಟ್ಟುಕೊಂಡು ತಿನ್ನತೊಡಗಿದರೆ, ಸ್ವಲ್ಪ ಹೊತ್ತಿಗೆ ಮುದುಕಿಯ ಕೈ ಚಮಚದ ಕಡೆ ಬರುತ್ತಿತ್ತು. ಮೂರನೆಯ ದಿನ ಇದ್ದಕ್ಕಿದ್ದಂತೆ, “ಬರೋ ಭಾನುವಾರ ಆ ನರ್ಸನ್ನ ಊಟಕ್ಕೆ ಕರಿ. ಕಾಫಿಗಲ್ಲ, ಊಟಕ್ಕೆ,” ಎಂದರು.

ಸಿಗ್ರಿಡ್‌ಗೆ ನಂಬಿಕೆ ಬರಲಿಲ್ಲ. “ನಿಜವಾಗ್ಲೂನಾ ಅಜ್ಜಿ?”

“ಇನ್ನೇನು ಕಾಯೋದಿದೆ? ಆದದ್ದಾಯ್ತು. ಮದುವೆಯಾಗಿ ಮಕ್ಕಳಾದ್ರೂ ಆಗ್ಲಿ.”

ಸಿಗ್ರಿಡ್ ಎರಡು ದಿನ ಆ ಊಟಕ್ಕಾಗಿ ದುಡಿದಳು. ಬೆಳ್ಳಿ ಚಮಚ ತಿಕ್ಕಿದಳು, ಬಂದರಿಗೆ ಹೋಗಿ ಹಸಿ ಮೀನು ತಂದಳು, ಮೊದಲ ಕುಯಿಲಿನ ಸಣ್ಣ ಆಲೂಗಡ್ಡೆಗಳನ್ನು ಬ್ರಷ್ಷಿನಿಂದ ಉಜ್ಜಿದಳು. ಹುಳಿದಂಟಿನ ಪಾಯಸಕ್ಕೆ ಗಟ್ಟಿ ಕೆನೆ. ಬೋಡಿಲ್ ನೀಲಿ ಉಡುಪಿನಲ್ಲಿ ಬಂದಳು. ಅವಳನ್ನು ಸ್ವೆಂಡ್‌ನ ಪಕ್ಕಕ್ಕೆ ಕೂರಿಸಿದರು. ಮೀನು ಮುಗಿಯುವ ತನಕ ಹವೆಯ ಮಾತು, ಆಸ್ಪತ್ರೆಯ ಮಾತು. ಪಾಯಸ ಬಂದಾಗ ಅಜ್ಜಿ ನೇರವಾಗಿ ಕೇಳಿದರು.

“ಹೂಂ, ಯಾವಾಗ ಇಟ್ಕೊಳ್ಳೋಣ?”

“ಏನನ್ನ ಅಜ್ಜಿ?” ಎಂದ ಸ್ವೆಂಡ್.

“ಏನನ್ನ ಅಂತಾನೆ! ನಿನ್ನ ಮದುವೆ ಕಣೋ. ದೊರೆ ಹತ್ರ ನಾನೇ ಮಾತಾಡ್ತೀನಿ.”

ಬೋಡಿಲ್‌ಳ ಕತ್ತು ಕೆಂಪಾಯಿತು. ಅವಳು ಸ್ವೆಂಡ್‌ನ ಕಡೆ ತಿರುಗಿದಳು. ಅವನು ಕೆನೆಯ ಜಗ್ಗನ್ನು ಎತ್ತಿದ, ಮತ್ತೆ ಇಟ್ಟ.

“ಈ ಬೇಸಿಗೇಲಿ ಗ್ರೀನ್‌ಲ್ಯಾಂಡಿಗೆ ಹಡಗು ಹೋಗುತ್ತೆ. ನನ್ನನ್ನ ಕಳಿಸಬಹುದು. ಅಲ್ಲಿಂದ ಬಂದ ಮೇಲೆ ಹುದ್ದೆ ಬದಲಾಗೋ ಹಾಗಿದೆ… ಮನೇನೂ ನೋಡಬೇಕು. ಅವಸರ ಏನಿದೆ? ಚಳಿಗಾಲ ಕಳೀಲಿ, ನೋಡೋಣ.”

ಎಮಿಲ್ ಚಮಚ ನೆಕ್ಕುವುದನ್ನು ನಿಲ್ಲಿಸಿದರು.

“ಸ್ವೆಂಡ್,” ಎಂದಳು ಬೋಡಿಲ್ ಮೆಲ್ಲಗೆ, “ಯಾರೂ ಬೇಡ ಅಂತಿಲ್ಲ ಈಗ.”

“ನಾನೂ ಬೇಡ ಅಂದಿಲ್ಲವಲ್ಲ.”

“ಬೇಕು ಅಂತಲೂ ಅಂದಿಲ್ಲ.”

“ಎಲ್ಲರ ಮುಂದೆ ಯಾಕೆ ಹೀಗೆ…”

ಸಿಗ್ರಿಡ್‌ಗೆ ತಡೆಯಲಾಗಲಿಲ್ಲ. “ಎಂಟು ವರ್ಷ ಅಜ್ಜಿ ಅಡ್ಡ ಅಂದೆ. ಪಟ್ಟ ಅಂದೆ. ಪ್ರತಿ ಭಾನುವಾರ ಈ ಹುಡುಗಿಗೆ ಅಡುಗೆಮನೇಲಿ ಕೂತು ಸಮಾಧಾನ ಹೇಳಿದವಳು ನಾನು. ನೀನು ಸಿಂಹಾಸನದ ಹಿಂದೆ ಬಚ್ಚಿಟ್ಕೊಂಡಿದ್ಯಾ ಇಷ್ಟು ದಿನ?”

“ನಿನಗೇನು ಗೊತ್ತು ಇದರ ಕಷ್ಟ? ನಿನ್ನಿಂದ ಯಾರು ಏನು ನಿರೀಕ್ಷೆ ಮಾಡಿದ್ರು?” ಎಂದ ಸ್ವೆಂಡ್. ಅಂದಮೇಲೆ ಅವನಿಗೇ ತಪ್ಪೆನಿಸಿರಬೇಕು, ಕಣ್ಣು ತಗ್ಗಿಸಿದ.

ಬೋಡಿಲ್ ಪಾಯಸ ಪೂರ್ತಿ ತಿಂದು ಮುಗಿಸಿದಳು. ಕರವಸ್ತ್ರ ಮಡಿಚಿಟ್ಟು, ಎದ್ದು, ಅಜ್ಜಿಯ ಕೈ ಹಿಡಿದು, “ಊಟಕ್ಕೆ ಧನ್ಯವಾದ. ತುಂಬಾ ಚೆನ್ನಾಗಿತ್ತು,” ಎಂದಳು. ಎಮಿಲ್‌ರಿಗೂ ಹಾಗೇ ಕೈ ಕೊಟ್ಟಳು. ಸ್ವೆಂಡ್‌ನ ಮುಂದೆ ಒಂದು ಗಳಿಗೆ ನಿಂತು, ಕೈ ಕೊಡದೆ, ಕೋಟು ತರಲು ಹೋದಳು.

* * *

ಸ್ಟೇಷನ್ನಿಗೆ ಅವಳನ್ನು ಕಾರಿನಲ್ಲಿ ಕರೆದೊಯ್ದವಳು ಸಿಗ್ರಿಡ್. ದಾರಿಯುದ್ದಕ್ಕೂ ಬೀಚ್ ಮರಗಳ ಎಳೆಹಸಿರು. ಭಾನುವಾರದ ಜನ ಬುಟ್ಟಿ ಹಿಡಿದು ಕಡಲ ಕಡೆ ಹೋಗುತ್ತಿದ್ದರು.

“ಅಳು ಬಂದ್ರೆ ಅತ್ತುಬಿಡು,” ಎಂದಳು ಸಿಗ್ರಿಡ್.

“ಅಳು ಬರ್ತಿಲ್ಲ. ಸಿಟ್ಟು ಬರ್ತಿದೆ. ಅದೂ ನಿನ್ನ ಅಜ್ಜಿಗೆ ಶಾಪ ಹಾಕಿದ್ದೆಲ್ಲ ದಂಡವಾಯ್ತಲ್ಲ ಅಂತ.” ಬೋಡಿಲ್ ಕಿಟಕಿಯ ಗಾಜು ಇಳಿಸಿದಳು. “ನೀನು ಯಾಕೆ ಇನ್ನೂ ಅಲ್ಲಿದ್ದೀಯ ಸಿಗ್ರಿಡ್?”

“ಎಲ್ಲಿ ಹೋಗ್ಲಿ? ನನಗೇನು ಬರುತ್ತೆ?”

“ಆಚೆ ದ್ವೀಪದ ಕೆರ್ಟೆಮಿಂಡೆಯಲ್ಲಿ ನಮ್ಮಕ್ಕ ಒಂದು ಆರೈಕೆಮನೆ ನಡೆಸ್ತಾಳೆ. ಆಸ್ಪತ್ರೆಯಿಂದ ಬಿಡುಗಡೆಯಾದವರು ಸುಧಾರಿಸ್ಕೊಳ್ಳೋ ಜಾಗ. ಅಡುಗೆ, ಒಗೆತ, ಹಾಸಿಗೆ, ಎಲ್ಲ ನೋಡ್ಕೊಳ್ಳೋರು ಬೇಕು ಅಂತ ಚಳಿಗಾಲದಿಂದ ಹುಡುಕ್ತಿದ್ದಾಳೆ. ಕೆಲಸ ಜಾಸ್ತಿ, ಮಾಡಿದ್ದು ಕಣ್ಣಿಗೆ ಕಾಣುತ್ತೆ.”

“ರಾಜಕುಮಾರಿಯನ್ನ ಯಾರು ಕೆಲಸಕ್ಕೆ ಇಟ್ಕೋತಾರೆ, ಹುಚ್ಚಿ!”

“ಕಾರು ರಿಪೇರಿ ಮಾಡೋ ರಾಜಕುಮಾರಿಯನ್ನ ಯಾರು ಬೇಕಾದ್ರೂ ಇಟ್ಕೋತಾರೆ.”

ರೈಲು ಬಂತು. ಬೋಡಿಲ್ ಹತ್ತಿದವಳು ಕಿಟಕಿಗೆ ಬರಲಿಲ್ಲ. ಸಿಗ್ರಿಡ್ ಅದನ್ನು ತಪ್ಪು ತಿಳಿಯಲಿಲ್ಲ.

ಕೆಲಸದ ಮಾತನ್ನು ಅವಳು ಮನೆಯ ತನಕವೂ ತರಲಿಲ್ಲ. ಅಪ್ಪ, ಅಜ್ಜಿ, ಒಗೆಯಬೇಕಾದ ಮೇಜುಬಟ್ಟೆ ಇವೇ ತಲೆ ತುಂಬಿದ್ದವು. ಮರುದಿನ ಮಧ್ಯಾಹ್ನ ಅಜ್ಜಿಯ ಕಾಲು ತಿಕ್ಕುತ್ತಿದ್ದಾಗ ಮುದುಕಿ ಕಣ್ಣು ಮುಚ್ಚಿಕೊಂಡೇ ಹೇಳಿದರು.

“ಸ್ವೆಂಡ್‌ನಿಂದ ಏನೂ ಆಗಲ್ಲ. ಅವನ ತಾತನೂ ಹೀಗೇ. ನಿನ್ನ ಮದುವೆಯಾದ್ರೂ ಆಗಿದ್ರೆ ಚೆನ್ನಾಗಿತ್ತು.”

ಸಿಗ್ರಿಡ್‌ಳ ಕೈ ನಿಧಾನವಾಯಿತು. ಇಷ್ಟು ವರ್ಷದಲ್ಲಿ ಅಜ್ಜಿ ಆ ಮಾತೆತ್ತಿದ್ದು ಇದೇ ಮೊದಲು.

“ಈಗ ಹೆಣ್ಣಿಗೂ ಪಟ್ಟ ಅಂದಮೇಲೆ ಹಳೇ ಕಟ್ಟಳೆಗೆಲ್ಲ ಏನರ್ಥ? ಬೇಕಾದ್ರೆ ನೀನೂ… ಬಂದಿದ್ದನಲ್ಲ ಒಬ್ಬ, ಕುದುರೆ ಡಾಕ್ಟರು. ಅವನ ಹೆಸರೇನೇ?”

ಹೊರಗೆ ಎಮಿಲ್ ದೋಣಿಗೆ ಬಣ್ಣ ಹಚ್ಚುತ್ತ ಶಿಳ್ಳೆ ಹಾಕುತ್ತಿದ್ದುದು ಕೇಳಿಸುತ್ತಿತ್ತು. ಅಜ್ಜಿ ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದರು.

“ಹಾನ್ಸ್ ಅಂತ ಅಲ್ವಾ? ಹೆನ್ರಿಕ್? ಸಾಯ್ಲಿ, ಮರೆತೇಹೋಯ್ತು.”

ತನ್ನ ಬಾಯಿಂದ ಬೇಡ ಎನ್ನಿಸಿದವರು ಆ ಬೇಡವಾದವನ ಹೆಸರನ್ನಾದರೂ ನೆನಪಿಟ್ಟುಕೊಂಡಿರುತ್ತಾರೆ ಎಂದು ಸಿಗ್ರಿಡ್ ನಂಬಿದ್ದಳು. ಅಜ್ಜಿಗೂ ಎಂದಾದರೂ ಒಳಗೊಳಗೆ ಚುಚ್ಚಿರಬೇಕು ಎಂದುಕೊಂಡಿದ್ದಳು.

“ಹೇಳೇ, ಏನವನ ಹೆಸರು?”

“ಬಿಡಿ ಅಜ್ಜಿ. ಅವನಿಗೆ ಮೂರು ಮಕ್ಕಳು.”

ಮುದುಕಿಯ ಕಾಲಿಗೆ ಕಾಲುಚೀಲ ಹಾಕಿ, ಹೊದಿಕೆ ಎಳೆದು, ಕೆಳಗೆ ಬಂದು, ಅವಳು ಕೆರ್ಟೆಮಿಂಡೆಗೆ ಫೋನ್ ಮಾಡಿದಳು.

* * *

ಹೊರಡುವ ಮಾತಿಗೆ ಮನೆಯಲ್ಲಿ ಹದಿನೈದು ದಿನ ರಾದ್ಧಾಂತ. “ಜನ ಏನಂತಾರೆ?” ಎಂದರು ಅಜ್ಜಿ. “ನನ್ನ ಅಂಗಿ?” ಎಂದರು ಎಮಿಲ್, ಆಮೇಲೆ ನಾಚಿ, “ಅಂದ್ರೆ, ನಿನ್ನ ಬಿಟ್ಟು ಹೇಗಮ್ಮ ಇರೋದು?” ಎಂದರು. ಸ್ವೆಂಡ್ ಮಾತ್ರ ಗಟ್ಟಿಯಾಗಿ ಕೂಗಾಡಿದ. ಮನೆ ಮುರಿದವಳು ನೀನೇ, ಮತ ಹಾಕಿದ್ದು ನೀನು, ಬೋಡಿಲ್‌ನ ಕಳಿಸಿದ್ದೂ ನೀನು, ಈಗ ಓಡಿಹೋಗ್ತಿರೋದೂ ನೀನು ಎಂದ. ಸಿಗ್ರಿಡ್ ಅವನ ಮಾತು ಕೇಳುತ್ತಲೇ ಸೂಟ್‌ಕೇಸಿನ ಬೆಲ್ಟು ಬಿಗಿದಳು. ಆಗ್ನೆಟೆ ದಾರಿಗೆಂದು ಚೀಸ್ ಬ್ರೆಡ್ ಕಟ್ಟಿಕೊಟ್ಟು, ಮೂಗೊರೆಸಿಕೊಂಡು, “ಸೇರದಿದ್ರೆ ಬಂದುಬಿಡಿ,” ಎಂದಳು. ಮತ್ತೆ, “ಬರಬೇಡಿ,” ಎಂದಳು.

ಆರೈಕೆಮನೆಯಲ್ಲಿ ಮೊದಲ ವಾರ ಸಿಗ್ರಿಡ್ ನಿಂತೇ ಊಟ ಮಾಡಿದಳು. ಒಗೆಯುವ ಯಂತ್ರ ಕೆಟ್ಟಿತ್ತು, ಬೆಣ್ಣೆಯವನು ಮೋಸ ಮಾಡುತ್ತಿದ್ದ, ರೋಗಿಗಳಲ್ಲಿ ಒಬ್ಬನಿಗೆ ಈರುಳ್ಳಿ ಆಗದು, ಇನ್ನೊಬ್ಬಳಿಗೆ ಈರುಳ್ಳಿ ಇಲ್ಲದೆ ಊಟ ಇಳಿಯದು. ಸೊಂಟ ಬಿದ್ದುಹೋಗಿತ್ತು. ಕ್ಲಾಂಪೆನ್‌ಬೋರ್ಗಿನಲ್ಲೂ ಇದೇ ಕೆಲಸ, ಇಲ್ಲೂ ಇದೇ ಕೆಲಸ ಎಂದು ಅವಳಿಗೆ ತನ್ನ ಮೇಲೇ ರೇಗುತ್ತಿತ್ತು. ಒಂದೇ ವ್ಯತ್ಯಾಸ, ಇಲ್ಲಿ ಜನ ವಾಸಿಯಾಗಿ ಮನೆಗೆ ಹೋಗುತ್ತಿದ್ದರು.

ಎರಡನೆಯ ವಾರ ಸಂಜೆಯ ಊಟದ ಹೊತ್ತಿಗೆ ಎಮಿಲ್‌ರ ಫೋನು ಬಂತು.

“ಅಜ್ಜಿ ಊಟ ಬಿಟ್ಟಿದ್ದಾರೆ ಕಣಮ್ಮ. ಮೂರು ದಿನ ಆಯ್ತು. ತಟ್ಟೆ ಹೋದ ಹಾಗೇ ವಾಪಸ್ ಬರ್ತಿದೆ. ಡಾಕ್ಟರು ಏನೂ ಇಲ್ಲ ಅಂತಾರೆ. ನೀನು ಬಾ.”

ಸಿಗ್ರಿಡ್ ಗೋಡೆಗೆ ಒರಗಿದಳು. ಹೋಗಬೇಕು ಎಂದು ಕಾಲುಗಳೇ ಹೇಳುತ್ತಿದ್ದವು. ಸಂಜೆಯ ದೋಣಿ, ರಾತ್ರಿಯ ರೈಲು ಹಿಡಿದರೆ ಬೆಳಗಿನ ಗಂಜಿಗೆ ಅಲ್ಲಿರಬಹುದು. ಗಂಜಿ ಕುಡಿಸಿದರೆ ಮಧ್ಯಾಹ್ನದ ಊಟ. ಮಧ್ಯಾಹ್ನವಾದರೆ ಇನ್ನು ಸಂಜೆ. ಅಲ್ಲಿಂದ ಮತ್ತೆ ಹೊರಡಲಾಗದು.

“ಸ್ವೆಂಡ್ ಇದ್ದಾನಾ?”

“ಇದ್ದಾನೆ. ಗ್ರೀನ್‌ಲ್ಯಾಂಡಿಗೆ ಕಳಿಸಲಿಲ್ಲ ಅವನನ್ನ.”

“ಅವನಿಗೆ ಕೊಡಿ.”

ಬಹಳ ಹೊತ್ತಿನ ಮೇಲೆ ಸ್ವೆಂಡ್‌ನ ದನಿ ಬಂತು. “ಏನು ಮಾಡ್ಲಿ ಅಕ್ಕ? ಆಗ್ನೆಟೆ ಎಲ್ಲ ಮಾಡಿದ್ಲು. ಮೀನಿನ ಸಾರು, ಗಂಜಿ, ಮೊಟ್ಟೆ. ಮುಟ್ಟಲ್ಲ ಅಂತಾರೆ.”

“ತಟ್ಟೆ ಯಾರು ಒಯ್ತೀರಿ?”

“ಆಗ್ನೆಟೆ. ಇಟ್ಟು ಬರ್ತಾಳೆ.”

“ಎರಡು ತಟ್ಟೆ ಹಾಕ್ಕೊಂಡು ಹೋಗು. ಒಂದು ಅವರಿಗೆ, ಒಂದು ನಿನಗೆ. ಕುರ್ಚಿ ಎಳ್ಕೊಂಡು ಹತ್ರ ಕೂತು ನೀನು ತಿನ್ನು. ತಿನ್ನಿ ಅಂತ ಬಲವಂತ ಮಾಡಬೇಡ. ಒಬ್ಬರೇ ಇದ್ರೆ ಅವರು ತಿನ್ನಲ್ಲ ಸ್ವೆಂಡ್.”

“ಅಷ್ಟೇನಾ?”

“ಅಷ್ಟೇ. ಇಷ್ಟು ವರ್ಷ ನಾನು ಮಾಡಿದ್ದು ಅಷ್ಟೇ.”

ಅವನು ಈಗ ‘ನೋಡೋಣ’ ಎನ್ನುತ್ತಾನೆ ಎಂದು ಅವಳು ಹಲ್ಲು ಕಚ್ಚಿ ಕಾದಳು. ಅವನು ಅನ್ನಲಿಲ್ಲ. ಫೋನನ್ನು ಇಡದೆ ಮೇಜಿನ ಮೇಲೇ ಬಿಟ್ಟು ಹೋದನೇನೋ; ದೂರದಲ್ಲಿ ಬೀರು ತೆರೆದ ಶಬ್ದ, ಪಿಂಗಾಣಿ ಪಿಂಗಾಣಿಗೆ ತಾಗಿದ ಶಬ್ದ. ಒಂದು ತಟ್ಟೆಯೋ ಎರಡೋ ಅವಳಿಗೆ ತಿಳಿಯಲಿಲ್ಲ.

“ಸಿಗ್ರಿಡ್ ಅವರೇ!” ಕೆಳಗಿನಿಂದ ಅಡುಗೆಯ ಹೆಂಗಸು ಕೂಗಿದಳು. “ಆಲೂಗಡ್ಡೆ ತಳ ಹಿಡೀತಿದೆ, ಬಡಿಸೋಕೆ ಶುರು ಮಾಡೋದಾ ಬೇಡ್ವಾ?”

“ಬಂದೆ!” ಎಂದಳು. ಆದರೂ ಇನ್ನೊಂದು ಗಳಿಗೆ ಫೋನನ್ನು ಕಿವಿಗೊತ್ತಿಕೊಂಡೇ ನಿಂತಿದ್ದಳು. ಆಮೇಲೆ ಅದನ್ನು ಇಟ್ಟು, ತೋಳು ಮಡಿಚುತ್ತ ಮೆಟ್ಟಿಲಿಳಿದಳು.